ಮಣಿ ಕೆಲಸದವರಿಗೆ: ಶುಕ್ರವಾರದ ಸಂತೆ ಮತ್ತು ದರದ ಮಾತು

ಅಕ್ಕಂದಿರೇ, ತಂಗಿಯರೇ,

ಈ ಶುಕ್ರವಾರ ಗೋವಾದ ಮಾಪುಸಾ ಸಂತೆಗೆ ಬರುವವರು ಬೆಳಗ್ಗೆ ಏಳರೊಳಗೆ ಬನ್ನಿ. ಅಲ್ಲಿ ಊರಿನ ಗಿರಾಕಿಗಳೇ ಹೆಚ್ಚು, ಆದ್ದರಿಂದ ಕರಿಮಣಿ ಸರ, ಮಕ್ಕಳ ಬಳೆ ತನ್ನಿ. ಕನ್ನಡಿ ಹಚ್ಚಿದ ಚೀಲ, ದಪ್ಪ ಕಂಠಿಗಳು ಪ್ರವಾಸಿಗರು ಬರುವ ಬುಧವಾರದ ಅಂಜುನಾ ಸಂತೆಗೆ ಇರಲಿ.

ದರದ ವಿಷಯವನ್ನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಹೋದ ವಾರ ನಮ್ಮವರೇ ಒಬ್ಬರು ಹೆಣೆದ ಪದಕದ ಸರವನ್ನು 150 ರೂಪಾಯಿಗೆ ಕೊಟ್ಟುಬಿಟ್ಟರು. ಹನ್ನೊಂದನೇ ನಂಬರಿನ ಮಣಿ ಎಂದರೆ ಸುಮಾರು 2 ಮಿಲಿಮೀಟರ್, ಸಾಸಿವೆಯಷ್ಟು. ಅಂಗೈಯಗಲದ ಪದಕಕ್ಕೆ ನನಗೆ ಎರಡು ಸಂಜೆ ಬೇಕು, ಕಣ್ಣುನೋವು ಬೇರೆ. ಮಣಿ, ದಾರ, ಕೊಂಡಿಯ ಖರ್ಚಿನ ಪಕ್ಕದಲ್ಲಿ ಕೈಕೂಲಿಯನ್ನೂ ಬರೆದುಕೊಂಡು ಆಮೇಲೆ ಬೆಲೆ ಹೇಳಿ. ಚೌಕಾಸಿ ಮಾಡುವವರು ಮಾಡಲಿ.

ಮಳೆಗಾಲದಲ್ಲಿ ಅಂಜುನಾ ಸಂತೆ ಇರುವುದಿಲ್ಲ. ಆಗ ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಮ್‌ಗಳೇ ಗತಿ. ಫೋಟೊವನ್ನು ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ, ಫ್ಲ್ಯಾಶ್ ಹಾಕಿದರೆ ಗಾಜಿನ ಮಣಿ ಬರೀ ಹೊಳೆಯುತ್ತದೆ, ಬಣ್ಣ ಕಾಣುವುದಿಲ್ಲ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ. ನಾಣ್ಯವಿಲ್ಲದ ಫೋಟೊ ತೋರಿಸಿ ನಾನು ಕಳಿಸಿದ ಕಿವಿಯೋಲೆ "ಇಷ್ಟು ಚಿಕ್ಕದೇ?" ಎಂಬ ಚೀಟಿಯೊಂದಿಗೆ ಬೆಂಗಳೂರಿನಿಂದ ವಾಪಸು ಬಂದಿತ್ತು.

ಇನ್ನೊಂದು ಮಾತು: ಹಣ ಬರಬೇಕಾದರೆ ನೀವು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಒತ್ತಿ ಎನ್ನುವ ಗಿರಾಕಿ ಗಿರಾಕಿಯೇ ಅಲ್ಲ.

ಕುಶಲಕರ್ಮಿಗಳಿಗೆ ಸರ್ಕಾರ ಕೊಡುವ ಪೆಹಚಾನ್ ಗುರುತಿನ ಚೀಟಿಯನ್ನು ಇನ್ನೂ ಮಾಡಿಸದವರು ಆಧಾರ್ ಪ್ರತಿಯನ್ನು ಸಂತೆಗೆ ತನ್ನಿ, ಅರ್ಜಿ ಒಟ್ಟಿಗೆ ತುಂಬೋಣ.