ಖಣದ ತುಂಡು ಕೊಟ್ಟವರಿಗೆ, ಚಿತ್ರ ಕೊಂಡವರಿಗೆ

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿಗೆ ನೀರು ನುಗ್ಗಿದಾಗ ಎಲ್ಲರ ಕಣ್ಣೂ ಗುಡಿಗಳ ಮೇಲಿತ್ತು. ಅದೇ ನೀರು ದಂಡೆಯ ನೇಕಾರರ ಕುಣಿಮಗ್ಗಗಳಿಗೂ ಇಳಿದಿತ್ತು. ಕುಣಿಮಗ್ಗದ ತುಳಿಹಲಗೆ ಇರುವುದೇ ನೆಲಮಟ್ಟದ ಕೆಳಗೆ. ಹೊಳೆ ಇಳಿದರೂ ಕುಣಿಯ ನೀರು ಇಳಿಯುವುದಿಲ್ಲ. ಹಾಸಿನ, ಅಂದರೆ ಮಗ್ಗದ ಉದ್ದೆಳೆಗಳ, ನೂಲಿಗೆ ಹಚ್ಚಿದ ಗಂಜಿ ಕೊಳೆತು ಎಳೆಗಳು ಪಟಪಟನೆ ಹರಿಯುತ್ತವೆ. ಎಳೆಗಳನ್ನು ಬಾಚಣಿಗೆಯಂತೆ ಬಿಡಿಸಿ ಹಿಡಿಯುವ ಉಕ್ಕಿನ ಹಣಿಗೆಗೆ ತುಕ್ಕು ಹಿಡಿದರೆ ನೇಯ್ದ ಬಟ್ಟೆಗೆಲ್ಲ ಕಂದು ಗೆರೆ. ಆ ಮಗ್ಗಗಳಿಗೆ ನೆರವಾಗಲೆಂದು ಬಟ್ಟೆಯ ಚೂರು ಅಂಟಿಸಿ, ಬಣ್ಣ ಬಳಿದು ಮಾಡಿದ ಮಿಶ್ರಮಾಧ್ಯಮದ ಚಿತ್ರಗಳೆಲ್ಲ ಮಾರಾಟವಾಗಿವೆ. ಕೈಜೋಡಿಸಿದ ಎಲ್ಲರಿಗೂ ನಮಸ್ಕಾರ.

ಮೊದಲ ಋಣ ದರ್ಜಿಗಳದು. ಗುಳೇದಗುಡ್ಡದ ಖಣದ (ರವಿಕೆ ಬಟ್ಟೆಯ) ಚೂರು, ಇಳಕಲ್ ಸೀರೆಯ ಸೆರಗಿನ ಅಂಚು ಎಲ್ಲವನ್ನೂ ಗೋಣಿಯಲ್ಲಿ ತುಂಬಿ ಕಳಿಸಿದರು. ಬಣ್ಣ ಬಿಡುವ ತುಂಡುಗಳನ್ನು ಬೇರೆ ಗಂಟು ಕಟ್ಟಿದ್ದಂತೂ ದೊಡ್ಡ ಉಪಕಾರ. ಒದ್ದೆ ಮಾಡಿದ ಚೂರನ್ನು ಬಿಳಿ ಬಟ್ಟೆಯ ನಡುವೆ ಇಟ್ಟು ಇಸ್ತ್ರಿ ಒತ್ತಿದರೆ ಬಣ್ಣ ಬಿಡುತ್ತದೋ ಇಲ್ಲವೋ ತಿಳಿದುಹೋಗುತ್ತದೆ. ಇಷ್ಟನ್ನು ಬಿಟ್ಟರೆ ಕೆಂಪು ಖಣ ಅಂಟಿಸಿದ ಮರುದಿನವೇ ಸುತ್ತಲಿನ ಬಿಳಿ ನೆಲವೆಲ್ಲ ಗುಲಾಬಿ!

ಇಳಕಲ್ ತುಂಡಿಗೆ ಕತ್ತರಿ ಹಾಕುವಾಗ ಎಚ್ಚರಿಸಿದ ನೇಕಾರರಿಗೂ ವಂದನೆ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಗೆರೆಗುಂಟ ಕತ್ತರಿಸಿದರೆ ಎಳೆಗಳು ಬಿಚ್ಚಿಕೊಳ್ಳುತ್ತವೆ. ಹಾಗಾಗಿ ಕೊಂಡಿಯ ಎರಡೂ ಕಡೆ ಎರಡೆರಡು ಬೆರಳು ಬಟ್ಟೆ ಬಿಟ್ಟೇ ಕತ್ತರಿಸಲಾಯಿತು. ಚಿತ್ರಗಳಲ್ಲಿ ನೋಡಿದವರೆಲ್ಲ ಬೆರಳಾಡಿಸಿದ್ದು ಆ ಗೆರೆಯ ಮೇಲೇ.

ಚಿತ್ರಗಳ ಅಡಿಗೆ ಬೇಕಾದ, ಮರದ ನಾರನ್ನು ಒತ್ತಿ ಮಾಡಿದ ಆರು ಮಿಲಿಮೀಟರಿನ ಎಂಡಿಎಫ್ ಹಲಗೆಗೆ ಬಡಗಿ ಅಣ್ಣ ಹಿಂಬದಿಯಲ್ಲೂ ಪ್ರೈಮರ್ ಬಳಿದುಕೊಟ್ಟರು. ಕಾಣದ ಬದಿಗೆ ಯಾಕಪ್ಪಾ ಖರ್ಚು ಎಂದು ಕೇಳುವವರಿದ್ದಾರೆ. ಮುಂದೆ ಮಾತ್ರ ಒದ್ದೆ ಬಟ್ಟೆ, ಅಂಟು, ಬಣ್ಣ ಬಿದ್ದರೆ ಒಣಗುತ್ತಾ ಎಳೆದು ಹಲಗೆ ಹಪ್ಪಳದಂತೆ ಬಾಗುತ್ತದೆ. ಹಿಂಬದಿಯ ಲೇಪವೇ ಅದನ್ನು ತಡೆಯುವುದು.

ಇನ್ನು ಕಲಾವಿದರು. ಮೈದಾ ಅಂಟು ಅಗ್ಗ, ಆದರೆ ಮಳೆಗಾಲದಲ್ಲಿ ಬೂಸ್ಟು, ಆಮೇಲೆ ಹುಳ. ಆದ್ದರಿಂದ ಬಟ್ಟೆಯ ಅಡಿಗೆ ಅಂಟಿನಂತೆ ಹಿಡಿಯುವ ಅಕ್ರಿಲಿಕ್ ಜೆಲ್ ಬಳಿದು, ಬೆಣ್ಣೆಕಾಗದ ಹಾಸಿ, ಮೇಲೆ ತೂಕ ಹೇರಿ ಒಂದು ರಾತ್ರಿ ಬಿಟ್ಟರು. ಜರಿಯಂಚಿಗೆ ಜೆಲ್ ತೆಳ್ಳಗೆ ಸಾಕು, ಹೆಚ್ಚಾದರೆ ಮುಂದಕ್ಕೆ ಒಸರಿ ಕಲೆಯಾಗುತ್ತದೆ. ಬಣ್ಣಗಳಲ್ಲಿ ಅಕ್ರಿಲಿಕ್ ಮೊದಲು, ಎಣ್ಣೆಬಣ್ಣ ಕೊನೆಗೆ. ಎಣ್ಣೆಯ ಮೇಲೆ ಅಕ್ರಿಲಿಕ್ ಹಚ್ಚಿದರೆ ಸಿಪ್ಪೆ ಏಳುತ್ತದೆ. ವಾರ್ನಿಷನ್ನು ಮಳೆ ಬಿಟ್ಟ ದಿನವೇ ಹಚ್ಚಿದರು. ತೇವದ ಗಾಳಿಯಲ್ಲಿ ಅದು ಹಾಲಿನಂತೆ ಮಸುಕಾಗುತ್ತದೆ, ಉಜ್ವಲ ಬಣ್ಣಗಳ ಜೀವವೇ ಹೋಗುತ್ತದೆ.

ಕೊಂಡವರಿಗೆ ಎರಡು ಪಟ್ಟು ಧನ್ಯವಾದ. ಚಿತ್ರದ ಬೆಲೆ ದೇಣಿಗೆಯಲ್ಲ, ಆದಾಯ ತೆರಿಗೆ ವಿನಾಯಿತಿಯ 80ಜಿ ರಸೀದಿ ಸಿಗದು ಎಂದಾಗ ಒಬ್ಬರೂ ಮುಖ ತಿರುಗಿಸಲಿಲ್ಲ. ಚೌಕಟ್ಟಿನ ಖರ್ಚು ಕಳೆದು ಉಳಿದದ್ದೆಲ್ಲ ಹಣಿಗೆ, ಲಾಳಿ, ನೂಲಿನ ರೂಪದಲ್ಲಿ ಹೋಗಿದೆ. ಕೈಗೆ ಕಾಸು ಕೊಟ್ಟಿದ್ದರೆ ಆ ಹೊತ್ತಿನಲ್ಲಿ ಮನೆಯ ಗೋಡೆಗೇ ಸಾಲುತ್ತಿರಲಿಲ್ಲ, ಮಗ್ಗ ನಿಂತೇ ಇರುತ್ತಿತ್ತು.

ಚಿತ್ರ ಮನೆಗೆ ಒಯ್ದವರು ಒಂದನ್ನು ಮರೆಯಬೇಡಿ. ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ, ಖಣ ಬಣ್ಣಗೆಡುತ್ತದೆ. ಗಾಜು ಹಾಕಿಸುವುದಾದರೆ ಬಟ್ಟೆಗೂ ಗಾಜಿಗೂ ನಡುವೆ ಐದು ಮಿಲಿಮೀಟರಿನ ಪಟ್ಟಿ ಕೊಡಲು ಹೇಳಿ. ದೂಳು ಕೂತರೆ ಒಣ, ಮೆತ್ತನೆಯ ಬ್ರಷ್ ಸಾಕು, ಒದ್ದೆ ಬಟ್ಟೆ ತಾಗಿಸಲೇಬೇಡಿ.