ಮೌತ್‌ಪೀಸಿನ ಚಿನ್ನ ತುಟಿಗೆ, ನಾದಕ್ಕಲ್ಲ

ಮಾನ್ಯ ಸಂಪಾದಕರೇ,

ಮದುವೆಯ ಕಾಲ ಹತ್ತಿರವಾದಂತೆ ಬ್ಯಾಂಡ್‌ಸೆಟ್ಟಿನ ಹುಡುಗರು ವಾದ್ಯದಂಗಡಿಗೆ ಹೋಗಿ ಹೊಸ ಮೌತ್‌ಪೀಸ್ ಕೊಳ್ಳುವುದು ವಾಡಿಕೆ. ಟ್ರಂಪೆಟ್ಟಿನಂಥ ವಾದ್ಯಗಳಲ್ಲಿ ತುಟಿಗೊತ್ತಿ ಊದುವ, ಬಟ್ಟಲಿನಾಕಾರದ ಬಾಯಿಯುಳ್ಳ ಬಿಡಿಭಾಗವೇ ಮೌತ್‌ಪೀಸ್. ಅಂಗಡಿಯವರು ಅವರ ಮುಂದೆ ಬೆಳ್ಳಿ ಲೇಪನದ್ದನ್ನೂ, ಅದಕ್ಕಿಂತ ಎಷ್ಟೋ ದುಬಾರಿಯಾದ ಚಿನ್ನದ ಲೇಪನದ್ದನ್ನೂ ಇಟ್ಟು, ಚಿನ್ನದ್ದರಲ್ಲಿ ಊದಿದರೆ ನಾದ ತುಂಬಿ ಬರುತ್ತದೆ, ಬೆಳ್ಳಿಯದು ಸ್ವಲ್ಪ ಕಟುವಾಗಿ ಕೇಳುತ್ತದೆ ಎಂದು ಹೇಳುತ್ತಾರೆ. ಮೈಸೂರಿನ ಸುತ್ತಮುತ್ತ ಮೂವತ್ತು ವರ್ಷ ದಿಬ್ಬಣಗಳಲ್ಲಿಯೂ ಗಣಪತಿ ಮೆರವಣಿಗೆಗಳಲ್ಲಿಯೂ ಟ್ರಂಪೆಟ್ ಊದಿದ ನಾನು ಆ ಮಾತನ್ನು ನಂಬಿ ಹಣ ಕಳೆದುಕೊಂಡವನೇ ಆದ್ದರಿಂದ, ಈ ವಿಷಯವನ್ನು ತಮ್ಮ ಪತ್ರಿಕೆಯ ಮೂಲಕ ನಾಲ್ಕು ಜನರ ಗಮನಕ್ಕೆ ತರಬಯಸುತ್ತೇನೆ.

ಮೌತ್‌ಪೀಸ್ ಮೂಲತಃ ಹಿತ್ತಾಳೆಯದು. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು. ಕಡೆಯಲು ಸುಲಭವಾಗಲೆಂದು ಅದಕ್ಕೆ ತುಸು ಸೀಸವನ್ನೂ ಬೆರೆಸುವುದುಂಟು. ಕಲಾಯಿ ಹಾಕಿಸದ ಹಿತ್ತಾಳೆ ಪಾತ್ರೆಯಲ್ಲಿ ಹುಣಸೆ ಹುಳಿಯ ಸಾರು ಮಾಡಬಾರದೆಂದು ನಮ್ಮ ಮನೆಗಳಲ್ಲಿ ಹೇಳುತ್ತಿದ್ದುದಕ್ಕೆ ಯಾವ ಕಾರಣವಿತ್ತೋ, ಮೌತ್‌ಪೀಸಿಗೆ ಲೇಪನ ಬೇಕಾಗಿರುವುದಕ್ಕೂ ಅದೇ ಕಾರಣ. ಎಂಜಲು ಮತ್ತು ಬೆವರು ತಾಗಿದ ಹಿತ್ತಾಳೆಗೆ ಕಿಲುಬು ಹಿಡಿಯುತ್ತದೆ, ಆ ಕಿಲುಬು ತುಟಿಗೆ ಹತ್ತುತ್ತದೆ. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಮನೆತನದ ಸೋದರಸಂಬಂಧಿಗಳಿಬ್ಬರು ವಿದ್ಯುತ್ತಿನಿಂದ ಬೆಳ್ಳಿ, ಚಿನ್ನಗಳನ್ನು ಲೇಪಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಇಂದಿಗೂ ಮೌತ್‌ಪೀಸುಗಳ ಲೇಪನ ನಡೆಯುವುದು ಅದೇ ತತ್ತ್ವದ ಮೇಲೆ. ತುಟಿಗೆ ಹಿತ್ತಾಳೆ ತಾಗದಂತೆ ಕಾಪಾಡುವುದೇ ಲೇಪನದ ಮೊದಲ ಕೆಲಸವೆಂಬುದನ್ನು ನೆನಪಿನಲ್ಲಿಟ್ಟರೆ ಉಳಿದ ಗೊಂದಲ ಬಹುಪಾಲು ಕಳೆಯುತ್ತದೆ.

ನಾದದ ಮಾತಿಗೆ ಬರೋಣ. ಟ್ರಂಪೆಟ್ಟಿನ ಮೌತ್‌ಪೀಸ್ ಸುಮಾರು 100 ಗ್ರಾಂ ತೂಗುತ್ತದೆ. ಅದರ ಒಳಮೈ ಹೊರಮೈಗಳನ್ನೆಲ್ಲ ಸೇರಿಸಿದರೆ ಹೆಚ್ಚುಕಡಿಮೆ 45 ಚದರ ಸೆಂಟಿಮೀಟರ್ ಆದೀತು. ಅಷ್ಟಕ್ಕೂ ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪಕ್ಕೆ ಚಿನ್ನ ಹಾಕಿದರೆ, ಚಿನ್ನದ ಸಾಂದ್ರತೆ 19.3 ಎಂದು ಲೆಕ್ಕ ಹಿಡಿದಾಗ, ಬೇಕಾಗುವುದು 0.1 ಗ್ರಾಮಿಗಿಂತಲೂ ಕಡಿಮೆ. ಪೇಟೆಯಲ್ಲಿ ‘ಒಂದು ಗ್ರಾಂ ಚಿನ್ನ’ವೆಂದು ಮಾರುವ ಒಡವೆಗಳನ್ನು ನೋಡಿ ನಗುವವರು ಈ ಲೆಕ್ಕವನ್ನೂ ಒಮ್ಮೆ ಮಾಡಿ ನೋಡಬೇಕು. ತಲೆಗೂದಲಿನ ದಪ್ಪದಲ್ಲಿ ಹತ್ತಾರು ಪಾಲಿನ ಒಂದು ಪಾಲೂ ಇಲ್ಲದ ಈ ಪದರವು ಒಳಗೆ ಕಂಪಿಸುವ ಗಾಳಿಯ ಗುಣವನ್ನು ಬೀದಿಯಲ್ಲಿ ನಿಂತವರಿಗೆ ಕೇಳಿಸುವಷ್ಟು ಬದಲಿಸುತ್ತದೆಂದು ನಂಬಲು ನನಗೆ ಯಾವ ಕಾರಣವೂ ಕಾಣುವುದಿಲ್ಲ. ನಾದವನ್ನು ತೀರ್ಮಾನಿಸುವುದು ಬಟ್ಟಲಿನ ಅಗಲ, ಆಳ, ಅಂಚಿನ ದುಂಡು ಮತ್ತು ಬಟ್ಟಲಿನ ತಳದ ರಂಧ್ರ. ಅಮೆರಿಕದ ವಾದ್ಯ ತಯಾರಕ ವಿನ್ಸೆಂಟ್ ಬಾಕ್ ರೂಢಿಗೆ ತಂದ 7ಸಿ, 3ಸಿ ಎಂಬ ಗುರುತುಗಳಲ್ಲಿ ಅಂಕಿ ಚಿಕ್ಕದಾದಷ್ಟೂ ಬಟ್ಟಲು ಅಗಲ, ಅಕ್ಷರ ಸೂಚಿಸುವುದು ಆಳವನ್ನು. ಆ ಮಾದರಿಯ ಟ್ರಂಪೆಟ್ ಮೌತ್‌ಪೀಸಿನ ರಂಧ್ರ ಸಾಮಾನ್ಯವಾಗಿ 3.66 ಮಿಲಿಮೀಟರ್, ಅದನ್ನು ಒಂದೆರಡು ಕೂದಲೆಳೆಯಷ್ಟು ಕೊರೆಸಿದರೂ ಊದುವವನಿಗೆ ಕೂಡಲೇ ತಿಳಿಯುತ್ತದೆ. 7ಸಿ ಮೌತ್‌ಪೀಸಿನಲ್ಲಿ ಕಲಿತು ಅದು ತನಗೆ ಕಿರಿದೆಂದು ಅರಿಯದ ಹುಡುಗನು ಚಿನ್ನದ 7ಸಿಯನ್ನೇ ಮತ್ತೆ ಕೊಂಡರೆ ಅವನ ತೊಂದರೆ ಹಾಗೆಯೇ ಉಳಿಯುತ್ತದೆ.

ಹಾಗೆಂದು ಚಿನ್ನದಲ್ಲಿ ಊದಿದಾಗ ವ್ಯತ್ಯಾಸ ಗೊತ್ತಾಗುತ್ತದೆ ಎನ್ನುವವರು ಸುಳ್ಳು ಹೇಳುತ್ತಿದ್ದಾರೆಂದು ನಾನು ಹೇಳುವುದಿಲ್ಲ. ಚಿನ್ನದ ಅಂಚಿನ ಮೇಲೆ ತುಟಿ ಜಾರುತ್ತದೆ. ಬೆಳ್ಳಿಯ ಮೇಲೆ ಸ್ವಲ್ಪ ಹಿಡಿತ ಸಿಗುತ್ತದೆ. ಕೆಳಸ್ಥಾಯಿಯಿಂದ ಮೇಲಕ್ಕೆ ಬೇಗ ಏರಬೇಕಾದವನಿಗೆ ಜಾರುವುದು ಹಿತವಾಗಬಹುದು, ನಡೆಯುತ್ತ ಊದುವ ನಮ್ಮಂಥವರಿಗೆ, ಅದರಲ್ಲಿಯೂ ಬೆವರುವ ಏಪ್ರಿಲ್ ತಿಂಗಳಲ್ಲಿ, ಹಿಡಿತವೇ ವಾಸಿ. ತುಟಿಗೆ ಹಿತವಾದಾಗ ಊದುವುದೂ ಚೆನ್ನಾಗುತ್ತದೆ, ಆ ಹೊಗಳಿಕೆ ಲೋಹಕ್ಕೆ ಹೋಗುತ್ತದೆ. ಚಿನ್ನ ಬೆಚ್ಚಗಿರುತ್ತದೆ ಎನ್ನುವ ಮಾತೂ ಇದೆ. ಬೆಳ್ಳಿಗಿಂತ ಚಿನ್ನವು ಶಾಖವನ್ನು ಕಡಿಮೆ ಹರಿಸುವುದು ನಿಜವಾದರೂ, ಮೈಕ್ರಾನ್ ದಪ್ಪದ ಪದರದ ಕೆಳಗೆ ಎರಡರಲ್ಲಿಯೂ ಇರುವುದು ಅದೇ ಹಿತ್ತಾಳೆ.

ಚಿನ್ನಕ್ಕೆ ನಿಜವಾದ ಬೆಲೆಯಿರುವುದು ಚರ್ಮದ ವಿಷಯದಲ್ಲಿ. ಸುಮಾರು ಹತ್ತು ವರ್ಷದ ಹಿಂದೆ ನಾನು ಒಂದು ಅಂಗಡಿಯಲ್ಲಿ ಚಿನ್ನದ ಲೇಪನದ್ದೆಂದು ಕೊಂಡ ಮೌತ್‌ಪೀಸಿನ ಅಂಚು ಎರಡೇ ಮದುವೆ ಕಾಲದಲ್ಲಿ ಸವೆದು ಒಳಗಿನ ಬಿಳಿ ಲೋಹ ಕಾಣಿಸಿತು. ಬೆಳ್ಳಿಯಿರಬೇಕೆಂದು ಸುಮ್ಮನಿದ್ದೆ. ತುಟಿಯ ಸುತ್ತ ಕೆಂಪಾಗಿ, ತುರಿಕೆಯೆದ್ದು, ಸಿಪ್ಪೆ ಸುಲಿಯತೊಡಗಿದಾಗ ಚರ್ಮದ ವೈದ್ಯರು ಅದು ನಿಕ್ಕಲ್ ಒಗ್ಗದಿರುವುದರಿಂದ ಆದದ್ದೆಂದರು. ಚರ್ಮಕ್ಕೆ ತಾಗಿಕೊಂಡಿರುವ ಒಡವೆ, ಗುಂಡಿ ಮುಂತಾದ ವಸ್ತುಗಳಲ್ಲಿ ನಿಕ್ಕಲ್ಲಿಗೆ ಐರೋಪ್ಯ ಒಕ್ಕೂಟವು 1994ರಲ್ಲಿಯೇ ಮಿತಿ ಹಾಕಿದ್ದು ಇಂಥ ತೊಂದರೆಯ ಕಾರಣದಿಂದ. ಹಿತ್ತಾಳೆಯ ಮೇಲೆ ನೇರವಾಗಿ ಚಿನ್ನ ಹಾಕಿದರೆ ಕಾಲಕ್ರಮದಲ್ಲಿ ತಾಮ್ರವು ಅದರೊಳಕ್ಕೆ ನುಸುಳಿ ಬಣ್ಣ ಕೆಡಿಸುವುದರಿಂದ ನಡುವೆ ಒಂದು ಪದರ ಕೊಡುತ್ತಾರೆ. ಒಳ್ಳೆಯ ತಯಾರಕರು ಅಲ್ಲಿ ಬೆಳ್ಳಿಯನ್ನು ಹಾಕುತ್ತಾರೆ, ಅಗ್ಗದ ಕೆಲಸದಲ್ಲಿ ನಿಕ್ಕಲ್ ಇರುತ್ತದೆ. ಬೆಳ್ಳಿಯೂ ಒಗ್ಗದ ವಾದಕರು ಅಪರೂಪಕ್ಕೆ ಇದ್ದಾರೆ. ಅವರಿಗೆ, ಬೆಳ್ಳಿಯ ಪದರದ ಮೇಲೆ ದಪ್ಪವಾಗಿ ಹಾಕಿದ ಚಿನ್ನಕ್ಕೆ ಕೊಡುವ ಹಣ ದಂಡವಲ್ಲ. ಉಳಿದವರಿಗೆ ಬೆಳ್ಳಿ ಸಾಕು. ನಾನು ಈಗ ಊದುತ್ತಿರುವುದೂ ಬೆಳ್ಳಿಯದರಲ್ಲೇ.

ಬೆಳ್ಳಿ ಕಪ್ಪಾಗುತ್ತದೆಂಬ ದೂರು ನಿಜ. ಗಾಳಿಯಲ್ಲಿರುವ ಗಂಧಕದ ಅಂಶ ತಾಗಿ ಹಾಗಾಗುತ್ತದೆ, ಚಿನ್ನಕ್ಕೆ ಆ ಕಾಟವಿಲ್ಲ. ಆದರೆ ದೇವರ ಮನೆಯ ಬೆಳ್ಳಿ ದೀಪಕ್ಕೆ ವಿಭೂತಿ ಹಚ್ಚಿ ಮೆತ್ತಗೆ ಒರೆಸುವ ಮನೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹುಣಸೆಹಣ್ಣು, ಒಲೆಯ ಒರಟು ಬೂದಿ, ಹಿತ್ತಾಳೆಗೆ ಹಾಕುವ ಪಾಲಿಶ್ ಇವನ್ನು ಮಾತ್ರ ಬಳಸಬಾರದು. ಕಪ್ಪಿನ ಜೊತೆಗೆ ಲೇಪನವೂ ಹೋಗುತ್ತದೆ. ರಬ್ಬರ್ ಬ್ಯಾಂಡ್ ಸುತ್ತಿ ಇಡುವುದೂ ತಪ್ಪು. ನಮ್ಮಲ್ಲಿ ಟ್ರಂಪೆಟ್ಟಿನ ಪೆಟ್ಟಿಗೆಯಲ್ಲಿಯೇ ಸ್ಯಾಕ್ಸೊಫೋನಿನ ಕರಿಯ ಮೌತ್‌ಪೀಸನ್ನು ತುರುಕುವವರಿದ್ದಾರೆ. ಆ ಎಬೊನೈಟ್ ಎಂಬುದು ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರೇ ಆದ್ದರಿಂದ ಪಕ್ಕದ ಬೆಳ್ಳಿ ಬೇಗ ಕಪ್ಪಾಗುತ್ತದೆ. ಇನ್ನೊಂದು ಮಾತು: ವರ್ಷಗಟ್ಟಲೆ ಬಳಸಿದರೂ ಕಪ್ಪಾಗದ ‘ಬೆಳ್ಳಿ’ಯನ್ನು ಅನುಮಾನಿಸಬೇಕು, ಅದು ನಿಕ್ಕಲ್ ಇದ್ದೀತು.

ಚಿನ್ನದ ಒಡವೆಗೆ 2021ರಿಂದ ಹಾಲ್‌ಮಾರ್ಕ್ ಕಡ್ಡಾಯವಾಗಿದೆ, ಆದರೆ ಲೇಪನದ ಸಾಮಾನಿಗೆ ಆ ಮುದ್ರೆಯಿಲ್ಲ. ಕೊಳ್ಳುವವನಿಗೆ ಅಂಗಡಿಯವನ ಬಾಯಿಮಾತೇ ಆಧಾರ. ಬ್ಯಾಂಡ್ ವಾದ್ಯಗಳ ತಯಾರಿಕೆಗೆ ಹೆಸರಾದ ಮೀರತ್ತಿನ ಜಲಿ ಕೋಠಿಯಿಂದ ಬರಲಿ, ವಿದೇಶದಿಂದ ಬರಲಿ, ಮಾರುವ ಪ್ರತಿಯೊಂದು ಮೌತ್‌ಪೀಸಿನ ಬಿಲ್ಲಿನಲ್ಲಿ ಚಿನ್ನದ ಕೆಳಗಿನ ಪದರ ಯಾವುದು, ಚಿನ್ನ ಎಷ್ಟು ಮೈಕ್ರಾನ್, ಅದು ಅಂಚು ಮತ್ತು ಬಟ್ಟಲಿಗೆ ಮಾತ್ರವೋ ಪೂರ್ತಿ ಮೈಗೋ ಎಂಬುದನ್ನು ಬರೆದುಕೊಡಲು ವರ್ತಕರು ಒಪ್ಪಬೇಕು. ಕೊಳ್ಳುವ ಹುಡುಗರೂ ಇದನ್ನು ಸಂಕೋಚವಿಲ್ಲದೆ ಕೇಳಬೇಕು. ಬರೆದುಕೊಡಲು ಒಪ್ಪದ ಅಂಗಡಿಯಲ್ಲಿ ಚಿನ್ನದ್ದನ್ನು ಬಿಟ್ಟು, ತನ್ನ ತುಟಿಗೆ ಹೊಂದುವ ಅಳತೆಯ ಬೆಳ್ಳಿಯದನ್ನು ನಾಲ್ಕಾರು ಊದಿ ನೋಡಿ ಆರಿಸಿಕೊಳ್ಳುವುದು ಲೇಸು.

ಇತಿ,
ಬ್ಯಾಂಡ್‌ಸೆಟ್ಟಿನ ಒಬ್ಬ ಟ್ರಂಪೆಟ್ ವಾದಕ
ಮೈಸೂರು