ಮನೆಗೆ ಎಷ್ಟು ಮೆಟ್ಟಿಲು ಅಂತ ಯಾರೂ ಕೇಳಲಿಲ್ಲ

ಸಂಪಾದಕರೇ,

ರಕ್ತದ ಗಡ್ಡೆಯಿಂದ ಪಾರ್ಶ್ವವಾಯು ಹೊಡೆದವರನ್ನು ಬೇಗ ಆಸ್ಪತ್ರೆಗೆ ಸೇರಿಸಿದರೆ, ನಾಲ್ಕೂವರೆ ಗಂಟೆಯೊಳಗೆ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಬಹುದು ಎಂದು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಒಳ್ಳೆಯ ಲೇಖನ, ಕತ್ತರಿಸಿ ಇಟ್ಟುಕೊಂಡಿದ್ದೇನೆ. ಆದರೆ ಅದು ಆಸ್ಪತ್ರೆಯಲ್ಲೇ ಮುಗಿದುಹೋಯಿತು. ಮನೆಗೆ ಬಂದ ಮೇಲಿನದನ್ನು ನಾನು ಹೇಳುತ್ತೇನೆ.

ನಮ್ಮ ಯಜಮಾನರು ಮುಂಬಯಿಯ ಫೋರ್ಟ್‌ನ ಒಂದು ಹೋಟೆಲಿನಲ್ಲಿ ಕ್ಯಾಶಿಯರ್ ಆಗಿದ್ದರು. 28 ವರ್ಷ ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಹೋಗಿ ಬಂದವರು. ಮೂರು ವರ್ಷದ ಹಿಂದೆ ಬಲಗೈ, ಬಲಗಾಲು ಬಿದ್ದುಹೋಯಿತು. ಜೀವ ಉಳಿಸಿದ ಡಾಕ್ಟರುಗಳ ಋಣ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಡಿಸ್ಚಾರ್ಜ್ ಕಾರ್ಡಿನಲ್ಲಿ ಬಿಪಿ ಇತ್ತು, ಸಕ್ಕರೆ ಇತ್ತು, ಸ್ಕ್ಯಾನ್ ಇತ್ತು, ವಾರಕ್ಕೆ ಮೂರು ಸಲ ಫಿಸಿಯೋಥೆರಪಿ ಅಂತ ಬರೆದಿತ್ತು. ನಮ್ಮದು ಮೂರನೇ ಮಾಳಿಗೆ, ಲಿಫ್ಟ್ ಇಲ್ಲ, 54 ಮೆಟ್ಟಿಲು ಎಂಬುದು ಎಲ್ಲೂ ಇರಲಿಲ್ಲ. ಯಾರೂ ಕೇಳಲೇ ಇಲ್ಲ. ಹೇಳಬೇಕು ಅಂತ ನನಗೂ ಹೊಳೆಯಲಿಲ್ಲ.

ಮೊದಲ ತಿಂಗಳು ಬಿಲ್ಡಿಂಗಿನ ಹುಡುಗರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಳಿಸಿದರು. ಪಾಪ, ಒಳ್ಳೆಯ ಮಕ್ಕಳು. ಆದರೆ ಇವರಿಗೆ ಜೀವ ಹಿಂಡಿದ ಹಾಗೆ ಆಗುತ್ತಿತ್ತು. ಒಂದೊಂದು ಮಾಳಿಗೆಯಲ್ಲೂ ಬಾಗಿಲು ತೆರೆದು ನೋಡುವವರು, "ಕಾಕಾ, ಹೇಗಿದ್ದೀರಿ" ಎನ್ನುವವರು. "ಗಣಪತಿ ಮುಳುಗಿಸೋಕೆ ಹೊತ್ಕೊಂಡು ಹೋದ ಹಾಗೆ ಹೊರ್ತಾರೆ ನನ್ನ" ಅಂದರು ಒಂದು ದಿನ. ಆಮೇಲೆ ಇಳಿಯುವುದನ್ನೇ ಬಿಟ್ಟರು. ಫಿಸಿಯೋ ತಪ್ಪಿತು. ಎರಡು ತಿಂಗಳ ನಂತರ ಕೇಸ್ ಪೇಪರಿನಲ್ಲಿ ಒಂದು ಸಾಲು ಬಿತ್ತು: ರೋಗಿ ಸಹಕರಿಸುತ್ತಿಲ್ಲ.

ಊಟ ಸೇರುತ್ತಿರಲಿಲ್ಲ. ಕುಂದಾಪುರದಿಂದ ಅಣ್ಣನ ಫೋನ್ ಬಂದರೆ "ಮಲಗಿದ್ದಾರೆ ಅನ್ನು" ಎಂದು ಕೈಸನ್ನೆ. ವಯಸ್ಸಾಯ್ತು, ಹಟ ಜಾಸ್ತಿ ಆಗಿದೆ ಎಂದುಕೊಂಡೆ ನಾನು. ಪಾರ್ಶ್ವವಾಯು ಆದ ಮೂವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಬರುತ್ತದೆ, ಅದಕ್ಕೂ ಚಿಕಿತ್ಸೆ ಇದೆ ಎಂದು ಗೊತ್ತಾಗುವಾಗ ವರ್ಷ ಕಳೆದಿತ್ತು.

ಅಂಗವಿಕಲರ ಸರ್ಟಿಫಿಕೇಟ್‌ಗೆ ಹೋದೆವು. ಕೈಕಾಲಿನ ಬಲ ನೋಡಿ ಶೇಕಡಾ 50 ಎಂದು ಬರೆದುಕೊಟ್ಟರು. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸವಲತ್ತಿಗೆ ದಾರಿ, ಹಾಗಾಗಿ ಸಮಾಧಾನವೇ. ಆದರೆ ನನಗೊಂದು ಅನುಮಾನ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅಂಗವಿಕಲರು ಯಾರು ಎಂದು ಹೇಳುವಾಗ ದೇಹದ ಕೊರತೆಯ ಜೊತೆಗೆ ಎದುರಾಗುವ ಅಡೆತಡೆಯನ್ನೂ ಸೇರಿಸಿದ್ದಾರೆ. ಎರಡೂ ಕೂಡಿದಾಗಲೇ ಮನುಷ್ಯ ಎಲ್ಲರ ಜೊತೆ ಬೆರೆಯಲಾರದೆ ಹೋಗುವುದು ಎಂಬ ಅರ್ಥದಲ್ಲಿ. ಹಾಗಿದ್ದರೆ ಆ 50ರೊಳಗೆ ನಮ್ಮ 54 ಮೆಟ್ಟಿಲು ಎಲ್ಲಿವೆ? ಪ್ಲಾಟ್‌ಫಾರ್ಮಿಗೂ ರೈಲಿಗೂ ನಡುವಿನ ಸಂದು ಎಲ್ಲಿದೆ? ಅಂಗವಿಕಲರ ಡಬ್ಬದಲ್ಲಿ ಗಟ್ಟಿಮುಟ್ಟಾಗಿ ಕೂತು ಮೊಬೈಲ್ ನೋಡುವವರ ಲೆಕ್ಕ ಯಾರು ಹಿಡಿಯಬೇಕು? (ಆ ವಿಷಯಕ್ಕೆ ಬೇರೆಯೇ ಪತ್ರ ಬೇಕು, ಬಿಡಿ.)

ಕಳೆದ ವರ್ಷ ಮೇಲಿನ ಮನೆ ಬಾಡಿಗೆಗೆ ಕೊಟ್ಟು, ಅದೇ ಬಿಲ್ಡಿಂಗಿನ ಗ್ರೌಂಡ್ ಫ್ಲೋರಿನಲ್ಲಿ ಒಂದು ರೂಮು ಹಿಡಿದೆವು. ಸಣ್ಣದು, ಕತ್ತಲೆ, ಮಳೆಗಾಲದಲ್ಲಿ ವಾಸನೆ. ಆದರೂ ಎರಡೇ ವಾರದಲ್ಲಿ ಇವರು ಕೋಲು ಹಿಡಿದು ಗೇಟಿನವರೆಗೆ ಹೋದರು. ಆಮೇಲೆ ಚಹಾದ ಅಂಗಡಿ. ಈಗ ಸಂಜೆ ಎರಡು ಗಂಟೆ ಪರಿಚಯದವರ ಹೋಟೆಲಿನ ಗಲ್ಲಾದಲ್ಲಿ ಕೂತು ಎಡಗೈಯಲ್ಲಿ ಲೆಕ್ಕ ಬರೆಯುತ್ತಾರೆ. ಗುಳಿಗೆ ಅದೇ, ಬಲಗೈಯೂ ಹಾಗೇ ಇದೆ. ಅಣ್ಣನಿಗೆ ಈಗ ಇವರೇ ಫೋನ್ ಮಾಡುತ್ತಾರೆ.

ಹಾಗಂತ ಗುಳಿಗೆ ಬೇಡ, ಮನಸ್ಸು ಗಟ್ಟಿ ಇದ್ದರೆ ಸಾಕು ಎನ್ನುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ಅಂಥ ಬುದ್ಧಿವಾದ ನಮ್ಮ ಸಂಘದ ಕಾರ್ಯಕ್ರಮಗಳಲ್ಲಿ ಬೇಕಾದಷ್ಟು ಕೇಳಿದ್ದೇನೆ. ಬಿಪಿ ಗುಳಿಗೆ ಒಂದು ದಿನವೂ ತಪ್ಪಿಸಿಲ್ಲ ನಾವು.

ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಅವಳಿಂದ ತಿಳಿದದ್ದು: 1977ರಲ್ಲೇ ಜಾರ್ಜ್ ಎಂಗೆಲ್ ಎಂಬ ಅಮೆರಿಕದ ಡಾಕ್ಟರ್ ದೇಹ, ಮನಸ್ಸು, ಸುತ್ತಲಿನ ಬದುಕು ಮೂರನ್ನೂ ಒಟ್ಟಿಗೆ ನೋಡಬೇಕು ಎಂದು ಬರೆದಿದ್ದರು. ಬಯೋಸೈಕೋಸೋಷಿಯಲ್ ಎಂದು ಅದರ ಹೆಸರು. ಹೆಸರು ಮಾತ್ರ ಉದ್ದ, ವಿಷಯ ನಮ್ಮ ಅಜ್ಜಿಗೂ ಅರ್ಥವಾಗುವಂಥದ್ದು. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಇದೇ ದಾರಿ ಹಿಡಿದು ಅಂಗವೈಕಲ್ಯವನ್ನು ವಿವರಿಸುವ ಒಂದು ಪದ್ಧತಿ ತಂದಿತು. ಮನೆ, ರಸ್ತೆ, ಜನರ ನಡವಳಿಕೆ ಎಲ್ಲ ಅದರಲ್ಲಿ ಸೇರುತ್ತವೆ. ಜೀವನದ ಗುಣಮಟ್ಟ ಅಳೆಯಲು ಅವರದೇ 26 ಪ್ರಶ್ನೆಗಳ ಪಟ್ಟಿಯೂ ಇದೆ. ಇರುವ ಮನೆ, ಓಡಾಟದ ಅನುಕೂಲ ನಿಮಗೆ ತೃಪ್ತಿ ಕೊಟ್ಟಿದೆಯೇ ಎಂದು ಅದು ನೇರವಾಗಿ ಕೇಳುತ್ತದೆ. ಪಟ್ಟಿ ಓದುತ್ತಾ ನನಗೆ ಅಳು ಬಂತು.

ಓಪಿಡಿಯ ಸಾಲು ನೋಡಿದವರು ಡಾಕ್ಟರಿಗೆ ಪುರುಸೊತ್ತಿಲ್ಲ ಅಂದರೆ ನಂಬಲೇಬೇಕು. ಅದಕ್ಕೇ ಅಲ್ವಾ ರೋಗಿಯ ಮನೆ, ಹಣ, ಬದುಕಿನ ತೊಂದರೆ ವಿಚಾರಿಸುವ ಮೆಡಿಕಲ್ ಸೋಷಿಯಲ್ ವರ್ಕರ್ ಆಸ್ಪತ್ರೆಯಲ್ಲಿ ಇರುವುದು? ದೇಶದಲ್ಲಿ ಮೊದಲು ಅವರನ್ನು ನೇಮಿಸಿದ್ದು ನಮ್ಮ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲೇ, 1946ರಲ್ಲಿ. ನಮಗೆ ಅವರನ್ನು ಭೇಟಿ ಮಾಡಿಸಿದ್ದು ಬಿಲ್ಲಿಗೆ ಹಣ ಸಾಲದೆ ಬಂದಾಗ ಮಾತ್ರ. ಮನೆಗೆ ಕಳಿಸುವ ಮುಂಚೆ ಅವರು ಹತ್ತು ನಿಮಿಷ ಕೂತು ಕೇಳಲಿ. ಮೆಟ್ಟಿಲು ಎಷ್ಟು, ಕಮೋಡ್ ಇದೆಯೇ, ಹಗಲು ಮನೆಯಲ್ಲಿ ಯಾರಿರುತ್ತಾರೆ, ಕೆಲಸ ಏನಿತ್ತು, ನಿದ್ದೆ ಬರುತ್ತಿದೆಯೇ. ಡಿಸ್ಚಾರ್ಜ್ ಕಾರ್ಡಿನಲ್ಲಿ ಬಿಪಿಯ ಕೆಳಗೆ ಅದಕ್ಕೆ ಐದು ಸಾಲಿನ ಜಾಗ ಸಾಕು.

ಓದುಗಿ, ಡೊಂಬಿವಲಿ ಪಶ್ಚಿಮ